ಏರ್‌ಲೈನ್ಸ್ ಹೆಸರು ಆಮೇಲೆ, ಸಾಲಿಗೆ ಎಷ್ಟು ಸೀಟು ಅದನ್ನು ಹೇಳಿ

ದೂರದ ವಿಮಾನ ಪ್ರಯಾಣಕ್ಕೆ ಟಿಕೆಟ್ ಕೊಳ್ಳಲು ಹೊರಟ ಗೆಳೆಯರು, ನೆಂಟರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಯಾವ ಏರ್‌ಲೈನ್ಸ್ ಒಳ್ಳೆಯದು?" ನಾನೇನೂ ಈ ವಿಷಯದಲ್ಲಿ ಪಂಡಿತನಲ್ಲ. ಆರಡಿ ದಾಟಿದ ಮೈ, ಕೆಲಸದ ನಿಮಿತ್ತ ವರ್ಷಕ್ಕೆರಡು ಬಾರಿಯಾದರೂ ಹತ್ತು ಗಂಟೆ ಮೀರುವ ಪ್ರಯಾಣ, ಅದೂ ಎಕಾನಮಿಯಲ್ಲಿ. ನನ್ನ ಮೊಣಕಾಲುಗಳಿಗೆ ಗೊತ್ತಿರುವಷ್ಟು ನನಗೆ ಗೊತ್ತು, ಅಷ್ಟೇ.

ಆ ಪ್ರಶ್ನೆಗೆ ನಾನು ಈಗ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಬದಲಿಗೆ ಕೇಳುತ್ತೇನೆ: ಯಾವ ವಿಮಾನ? ಸಾಲಿಗೆ ಎಷ್ಟು ಸೀಟು? ಬಹಳ ಜನ ಕಣ್ಣು ಕಣ್ಣು ಬಿಡುತ್ತಾರೆ. ಬಸ್ಸು ಹತ್ತುವಾಗ ಸೆಮಿ ಸ್ಲೀಪರೋ ಸ್ಲೀಪರೋ ಎಂದು ವಿಚಾರಿಸುವವರು, ಅರ್ಧ ಭೂಮಿ ಸುತ್ತುವ ವಿಮಾನದ ಬಗ್ಗೆ ಮಾತ್ರ ಬಾಲದ ಮೇಲಿನ ಚಿತ್ರ ನೋಡಿ ದುಡ್ಡು ಕೊಡುತ್ತಾರೆ. ಒಂದೇ ಸಂಸ್ಥೆಯ ಎರಡು ವಿಮಾನಗಳಲ್ಲಿ, ಒಂದೇ ದರದ ಎಕಾನಮಿ ಸೀಟುಗಳ ನಡುವೆ ಒಂದಿಂಚಿನ ವ್ಯತ್ಯಾಸವಿರಬಹುದು. ಒಂದಿಂಚು ಏನು ಮಹಾ ಎನ್ನುವವರು ಹದಿನಾಲ್ಕು ಗಂಟೆ ಪಕ್ಕದವರ ಭುಜಕ್ಕೆ ಭುಜ ಒತ್ತಿಕೊಂಡು ಕುಳಿತಿಲ್ಲ ಎಂದೇ ತಿಳಿಯುತ್ತೇನೆ.

ಲೆಕ್ಕ ಸರಳ. ವಿಮಾನದ ಒಡಲು ಹಿಗ್ಗುವುದಿಲ್ಲ. ಇರುವ ಅಗಲವನ್ನೇ ಹಂಚಬೇಕು. ಬೋಯಿಂಗ್ 777 ಬಂದ ಹೊಸದರಲ್ಲಿ ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಸೀಟು ಸಾಮಾನ್ಯವಾಗಿತ್ತು. ಈಗ ಬಹುತೇಕ ಸಂಸ್ಥೆಗಳು ಮೂರು-ನಾಲ್ಕು-ಮೂರು ಎಂದು ಹತ್ತು ಜೋಡಿಸುತ್ತವೆ, ಸೀಟಿನ ಅಗಲ 17 ಇಂಚಿನ ಆಸುಪಾಸಿಗೆ ಇಳಿದಿದೆ. ಬೋಯಿಂಗ್ 787 ಕೂಡ ಎಂಟು ಸೀಟಿನ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು; ಆದರೆ ಎಂಟರ ಸಾಲನ್ನು ಉಳಿಸಿಕೊಂಡವರಲ್ಲಿ ಎದ್ದು ಕಾಣುವ ಹೆಸರು ಜಪಾನ್ ಏರ್‌ಲೈನ್ಸ್ ಮಾತ್ರ. ಉಳಿದವರು ಒಂಬತ್ತನೆಯದನ್ನು ತುರುಕಿದರು. ಏರ್‌ಬಸ್ ಎ330 ಹಳೆಯ ವಿಮಾನವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಅದರ ಮೇಲೆ ಒಂದು ಕೈ ಪ್ರೀತಿ ಹೆಚ್ಚು: ಎರಡು-ನಾಲ್ಕು-ಎರಡು, ಸುಮಾರು 18 ಇಂಚು. ಇಬ್ಬರೇ ಹೊರಟಾಗ ಕಿಟಕಿಯ ಬದಿಯ ಜೋಡಿ ಸೀಟು ನಿಮ್ಮದೇ, ಮೂರನೆಯವರ ಕಾಟವಿಲ್ಲ. ಎ350ರಲ್ಲಿ ಸಾಮಾನ್ಯವಾಗಿ ಒಂಬತ್ತು ಸೀಟು, ಅಗಲ ಸುಮಾರು 18 ಇಂಚು. ದೂರದ ಪ್ರಯಾಣದ ಸೀಟಿಗೆ ಕನಿಷ್ಠ 18 ಇಂಚು ಅಗಲವಿರಲೇಬೇಕೆಂದು 2013ರಲ್ಲಿ ಏರ್‌ಬಸ್ ಕಂಪನಿಯೇ ದೊಡ್ಡ ದನಿಯಲ್ಲಿ ಹೇಳಿತ್ತು. ಅದೇ ಕಂಪನಿಯ ಎ350ರಲ್ಲಿ ಸಾಲಿಗೆ ಹತ್ತು ಸೀಟು ಹಾಕಿಸಿಕೊಂಡವರೂ ಈಗ ಇದ್ದಾರೆ. ಹಾಗಾಗಿ ವಿಮಾನದ ಹೆಸರು ಕೇಳಿ ನಿಶ್ಚಿಂತರಾಗಬೇಡಿ, ಸೀಟುಗಳ ನಕ್ಷೆ ತೆರೆದು ಬೆರಳಿಟ್ಟು ಎಣಿಸಿ.

ಜಾಹೀರಾತುಗಳು ಹೆಚ್ಚು ಹೇಳುವುದು ಅಗಲವನ್ನಲ್ಲ, ಪಿಚ್ಚನ್ನು. ಇದು ಕಾಲು ಚಾಚುವ ಜಾಗದ ಅಳತೆಯೆಂದು ನಾನೂ ಬಹುಕಾಲ ನಂಬಿದ್ದೆ. ಅಲ್ಲ. ನಿಮ್ಮ ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗಿರುವ ದೂರ ಅದು. ನಡುವೆ ಬೆನ್ನೊರಗಿನ ದಪ್ಪವೂ ಸೇರಿದೆ. ಬೆನ್ನೊರಗು ತೆಳುವಾದರೆ ಅದೇ 31 ಇಂಚಿನಲ್ಲಿ ಮೊಣಕಾಲಿಗೆ ತುಸು ಹೆಚ್ಚು ಜಾಗ ಸಿಗುತ್ತದೆ, ಆದರೆ ಆರನೆಯ ಗಂಟೆಯ ಹೊತ್ತಿಗೆ ಮೆತ್ತೆಯ ತೆಳುವು ಬೆನ್ನಿಗೆ ಗೊತ್ತಾಗುತ್ತದೆ. 31, 32 ಇಂಚು ಎಲ್ಲೆಡೆ ಕಾಣುವ ಅಳತೆ. 34 ಸಿಕ್ಕರೆ ಬಿಡಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ, ಕಾಲು ಮಡಚಿ ಕುಳಿತ ಮೇಲೂ ಮೊಣಕಾಲು ಮುಂದಿನವರ ಬೆನ್ನಿಗೆ ತಾಗುವ ಕಾಲ ಬರುತ್ತದೆಂದು ಯಾರು ಹೇಳಬೇಕಿತ್ತು?

ಇನ್ನು "ಕಾಲಿಗೆ ಹೆಚ್ಚು ಜಾಗ" ಎಂದು ಹೆಚ್ಚು ದುಡ್ಡಿಗೆ ಮಾರುವ ಸೀಟುಗಳ ಕಥೆ. ಕೆಲವು ವರ್ಷಗಳ ಹಿಂದೆ ನಾನು ಎದುರಿಗೆ ಬರೀ ಗೋಡೆಯಿರುವ ಮೊದಲ ಸಾಲಿನ ಸೀಟನ್ನು ಹೆಮ್ಮೆಯಿಂದ ಕೊಂಡಿದ್ದೆ. ಮುಂದೆ ಯಾರೂ ಇಲ್ಲ, ಯಾರೂ ನನ್ನ ಮೇಲೆ ಒರಗುವುದಿಲ್ಲ ಎಂಬ ಲೆಕ್ಕಾಚಾರ. ಕುಳಿತ ಮೇಲೆ ಒಂದೊಂದಾಗಿ ತಿಳಿಯಿತು. ಮುಂದೆ ಸೀಟಿಲ್ಲದ ಕಾರಣ ಊಟದ ಟ್ರೇಯನ್ನೂ ಪರದೆಯನ್ನೂ ಕೈ ಊರುವ ಹಿಡಿಯೊಳಗೆ ಅಡಗಿಸಿದ್ದರು. ಅದರಿಂದ ಹಿಡಿ ದಪ್ಪ, ಸೀಟು ಕಿರಿದು, ಹಿಡಿಯನ್ನು ಮೇಲೆತ್ತುವಂತಿಲ್ಲ. ಚೀಲ ಇಡಲು ಮುಂದಿನ ಸೀಟಿನ ಅಡಿಯೇ ಇಲ್ಲವಲ್ಲ, ಔಷಧಿ, ಕನ್ನಡಕ, ಪುಸ್ತಕ ಎಲ್ಲವೂ ತಲೆಯ ಮೇಲಿನ ಪೆಟ್ಟಿಗೆಗೆ ಹೋದವು. ಆ ಗೋಡೆಗೇ ಕೂಸಿನ ತೊಟ್ಟಿಲನ್ನು ಸಿಕ್ಕಿಸುವುದು ಎಂಬುದು ಪಕ್ಕದ ದಂಪತಿ ಬಂದಾಗ ಗೊತ್ತಾಯಿತು. ಮಗುವಿನ ಮೇಲೆ ನನಗೇನೂ ದೂರಿಲ್ಲ. ಆ ರಾತ್ರಿ ನಾವಿಬ್ಬರೂ ಸರಿಸಮನಾಗಿ ನಿದ್ದೆಗೆಟ್ಟೆವು, ಅಳುವ ಸ್ವಾತಂತ್ರ್ಯ ಅದಕ್ಕೆ ಮಾತ್ರ ಇತ್ತು. ಚಾಚಿದ ನನ್ನ ಕಾಲುಗಳು ಗೋಡೆಗೆ ತಾಗಿ ನಿಂತವು. ನನ್ನಷ್ಟು ಉದ್ದದವರಿಗೆ ಗೋಡೆಯೂ ಮುಂದಿನ ಸೀಟೇ.

ತುರ್ತು ದ್ವಾರದ ಸಾಲು ಇದಕ್ಕಿಂತ ಎಷ್ಟೋ ಮೇಲು, ಕಾಲು ನಿಜಕ್ಕೂ ನೀಳವಾಗುತ್ತದೆ. ಆದರೆ ಬಾಗಿಲಿನ ಪಕ್ಕ ಚಳಿ. ಕೆಲವು ವಿಮಾನಗಳಲ್ಲಿ ಬಾಗಿಲಿಗೆ ಅಂಟಿದ ಸೀಟಿನವರ ಪಾದದೆದುರು ತುರ್ತು ಜಾರುಬಂಡೆಯನ್ನು ಮಡಚಿಟ್ಟ ಉಬ್ಬು ಇರುತ್ತದೆ. ಅಲ್ಲಿ ಕೂರುವವರು ಅವಘಡದ ಹೊತ್ತಿನಲ್ಲಿ ಬಾಗಿಲು ತೆರೆಯಲು ನೆರವಾಗಬಲ್ಲವರಾಗಿರಬೇಕು, ಮಕ್ಕಳಿಗೆ ಆ ಸೀಟು ಕೊಡುವುದಿಲ್ಲ.

ಕಿಟಕಿಯೋ ನಡುದಾರಿಯೋ ಎಂಬ ಜಗಳಕ್ಕೆ ನಮ್ಮ ಮನೆಯಲ್ಲಿ ತೀರ್ಪಾಗಿದೆ: ನನ್ನ ಹೆಂಡತಿ ಗೋಡೆಗೆ ತಲೆಯಾನಿಸಿ ಊರು ಮುಟ್ಟುವವರೆಗೆ ನಿದ್ದೆ ಮಾಡುತ್ತಾಳೆ, ನಾನು ನಡುದಾರಿಯ ಬದಿ. ಕಾಲಿನ ಉದ್ದವೊಂದೇ ಕಾರಣವಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಆರೋಗ್ಯವಂತರಲ್ಲಿ ಆ ಅಪಾಯವೇ ತೀರಾ ಚಿಕ್ಕದು, ಹೆದರಬೇಕಿಲ್ಲ. ಆದರೆ ಕಿಟಕಿಯ ಬದಿ ಕುಳಿತವರು ಮಲಗಿದ ಇಬ್ಬರನ್ನು ಎಬ್ಬಿಸಲು ಸಂಕೋಚಪಟ್ಟು ಏಳುವುದೇ ಇಲ್ಲ.

ನಡುದಾರಿಯಲ್ಲೂ ಒಂದು ಸೂಕ್ಷ್ಮವಿದೆ, ಇದನ್ನು ಕಲಿಯಲು ನನಗೆ ಆರೇಳು ವರ್ಷ ಬೇಕಾಯಿತು. ಬದಿಯ ಮೂರು ಸೀಟುಗಳ ಕೊನೆಯಲ್ಲಿ ಕುಳಿತರೆ ಒಳಗಿನ ಇಬ್ಬರೂ ನಿಮ್ಮನ್ನು ದಾಟಿಯೇ ಹೋಗಬೇಕು. ಮಧ್ಯದ ನಾಲ್ಕು ಸೀಟುಗಳ ಅಂಚಿನಲ್ಲಿ ಕುಳಿತರೆ ನಿಮ್ಮನ್ನು ಎಬ್ಬಿಸುವವರು ಹೆಚ್ಚೆಂದರೆ ಒಬ್ಬರು. ಮಧ್ಯದ ಮೂರರ ಗುಂಪಾದರೆ ನಡುವಿನವರಿಗೆ ಎರಡು ದಿಕ್ಕುಗಳಿವೆ, ಅವರು ಆ ಕಡೆಯವರನ್ನೇ ಎಬ್ಬಿಸಲಿ ಎಂದು ಹಾರೈಸಬಹುದು. ಹತ್ತರ ಸಾಲಿನ 777ರಲ್ಲಿ ಹೋಗಲೇಬೇಕಾದರೆ ಬಾಲದ ಕಡೆ ನೋಡಿ: ಒಡಲು ಕಿರಿದಾಗುವಲ್ಲಿ ಬದಿಯ ಮೂರು ಸೀಟುಗಳು ಎರಡಾಗುತ್ತವೆ, ಸೀಟಿಗೂ ಗೋಡೆಗೂ ನಡುವೆ ಚೀಲ ಇಡುವಷ್ಟು ಸಂದು ಸಿಗುತ್ತದೆ. ಕಟ್ಟಕಡೆಯ ಸಾಲು ಮಾತ್ರ ಬೇಡ, ಅಲ್ಲಿ ಸೀಟು ಹಿಂದಕ್ಕೆ ಬಾಗುವುದು ಅನುಮಾನ, ಶೌಚಾಲಯದ ಬಾಗಿಲಿನ ಸದ್ದು ಖಚಿತ. ವಿಮಾನ ಕುಲುಕಿದರೆ ಹೊಟ್ಟೆ ತೊಳಸುವವರು ರೆಕ್ಕೆಯ ಮೇಲಿನ ಸಾಲುಗಳನ್ನು ಹಿಡಿಯಲಿ.

ಗಾಳಿಯ ವಿಷಯವನ್ನು ಯಾರೂ ಕೇಳುವುದಿಲ್ಲ, ಇಳಿದ ಮೇಲಿನ ತಲೆಭಾರಕ್ಕೆ ಅದರದೂ ಪಾಲಿದೆ. ಹಳೆಯ ವಿನ್ಯಾಸದ ವಿಮಾನಗಳ ಒಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿರುವಂತಾಗುವುದುಂಟು. 787 ಮತ್ತು ಎ350ರಲ್ಲಿ ಅದು 6,000 ಅಡಿಯ ಮಟ್ಟ, ತೇವಾಂಶವೂ ತುಸು ಹೆಚ್ಚು. 787ರ ಇಕ್ಕಟ್ಟಿನ ಸೀಟನ್ನು ಬೈಯುತ್ತಲೇ ಮರುದಿನ ಬೆಳಿಗ್ಗೆ ಚುರುಕಾಗಿ ಎದ್ದದ್ದು ನನಗೆ ನೆನಪಿದೆ. ಎಲ್ಲ ಒಳ್ಳೆಯದೂ ಒಂದೇ ವಿಮಾನದಲ್ಲಿ ಸಿಗುವುದಿಲ್ಲ.

ಹೆಚ್ಚು ಹಣ ಕೊಡಬಹುದೇ? ರಾತ್ರಿಯ ಪ್ರಯಾಣವಾದರೆ ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ದರ್ಜೆಯಾದ ಪ್ರೀಮಿಯಂ ಎಕಾನಮಿಗೆ ಕೊಡಿ, ಅಲ್ಲಿ ಪಿಚ್ ಸಾಮಾನ್ಯವಾಗಿ 38 ಇಂಚು. ಹಗಲಿನ ಎಂಟು ಗಂಟೆಗೆ ಅದು ದಂಡವೆಂದೇ ನನ್ನ ಅಭಿಪ್ರಾಯ. 2018ರಲ್ಲಿ ಸಿಂಗಪುರ್ ಏರ್‌ಲೈನ್ಸ್ ನ್ಯೂಯಾರ್ಕ್ ಬಳಿಯ ನ್ಯೂವಾರ್ಕ್‌ಗೆ ನೇರ ಹಾರಾಟವನ್ನು ಮತ್ತೆ ಆರಂಭಿಸಿದಾಗ ಆ ಎ350ರಲ್ಲಿ ಇದ್ದದ್ದು 161 ಸೀಟು: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಸಾದಾ ಎಕಾನಮಿ ಒಂದೂ ಇಲ್ಲ. ಹದಿನೆಂಟು ಗಂಟೆಯ ಆ ಹಾರಾಟದಲ್ಲಿ 17 ಇಂಚಿನಲ್ಲಿ ಕೂರುವ ಭಾಗ್ಯ ಯಾರಿಗೂ ಸಿಗಲಿಲ್ಲ, ಪುಣ್ಯ.

ಹಾಗಾದರೆ ಏರ್‌ಲೈನ್ಸ್ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ, ಎಡವಟ್ಟಾದಾಗ. ಹಾರಾಟ ರದ್ದಾದರೆ ಅದೇ ದಿನ ಇನ್ನೊಂದು ವಿಮಾನ ಇರುವ, ಪಾಲುದಾರ ಸಂಸ್ಥೆಗಳಿರುವ ಕಂಪನಿ ನಿಮ್ಮನ್ನು ಹೇಗಾದರೂ ಮುಟ್ಟಿಸುತ್ತದೆ. ವಾರಕ್ಕೆ ಮೂರೇ ಬಾರಿ ಹಾರುವವರ ಹತ್ತಿರ ಕೊಡಲು ಹೋಟೆಲ್ ಚೀಟಿ ಬಿಟ್ಟರೆ ಇನ್ನೇನೂ ಇರುವುದಿಲ್ಲ. ಎರಡು ಹಂತದ ಪ್ರಯಾಣವಾದರೆ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಕೊಳ್ಳಿ, ಬೇರೆ ಬೇರೆಯಾಗಿ ಕೊಂಡು ಮೊದಲನೆಯದು ತಡವಾದರೆ ಎರಡನೆಯವರು ಕೈ ಎತ್ತುತ್ತಾರೆ. ಟಿಕೆಟ್‌ನ ಸಣ್ಣಕ್ಷರದಲ್ಲಿ ಹಾರಿಸುವವರು ಯಾರು ಎಂದಿರುತ್ತದೆ, ಅದನ್ನೂ ಓದಿ. ಮಾರಿದವರು ಒಬ್ಬರು, ವಿಮಾನ ಇನ್ನೊಬ್ಬರದು ಎಂಬುದು ಈ ವ್ಯವಹಾರದಲ್ಲಿ ದಿನನಿತ್ಯದ ಮಾತು.

ಇಷ್ಟೆಲ್ಲ ಮಾಡಿಯೂ ಕೈಕೊಡುವುದುಂಟು. ಒಮ್ಮೆ ವಾರಗಟ್ಟಲೆ ನಕ್ಷೆ ನೋಡಿ ಹೆಂಡತಿಗೆ ಕಿಟಕಿಯ ಸೀಟು ಆರಿಸಿದ್ದೆ. ಹೊರಡುವ ಮುನ್ನಾದಿನ ಸಂಸ್ಥೆ ವಿಮಾನವನ್ನೇ ಬದಲಿಸಿತು, ಸೀಟಿನ ಸಂಖ್ಯೆ ಮಾತ್ರ ಹಾಗೆಯೇ ಉಳಿಯಿತು. ಹೋಗಿ ನೋಡಿದರೆ ಆ ಸಾಲಿನಲ್ಲಿ ಕಿಟಕಿ ಇರಬೇಕಾದಲ್ಲಿ ಬೋಳು ಗೋಡೆ. ಅವಳು ಅದಕ್ಕೇ ತಲೆಯಾನಿಸಿ ಮಲಗಿದಳು.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ಎ330, ರೆಕ್ಕೆಯಿಂದ ನಾಲ್ಕು ಸಾಲು ಹಿಂದೆ, ಜೋಡಿ ಸೀಟು. ದಿನಕ್ಕೊಮ್ಮೆ ಬುಕಿಂಗ್ ತೆರೆದು ವಿಮಾನ ಇನ್ನೂ ಅದೇ ಇದೆಯೇ ಎಂದು ನೋಡುತ್ತಿದ್ದೇನೆ. ಇವತ್ತಿನವರೆಗೆ ಇದೆ.