ಕೆಂಪು ಕಾರಿನ ಚಿಲ್ಲರೆ ಲೆಕ್ಕ

ಆ ಕೆಂಪು ಫೆರಾರಿಯ ಕಥೆ ನಿಮಗೆ ಗೊತ್ತೇ ಇದೆ. ಮಹಾರಾಷ್ಟ್ರದ ನಂಬರ್ ಪ್ಲೇಟ್ ಹಾಕಿಕೊಂಡು ವರ್ಷಕ್ಕೂ ಮೀರಿ ಬೆಂಗಳೂರಿನಲ್ಲಿ ಓಡಾಡಿಕೊಂಡಿತ್ತು. 2025ರ ಜುಲೈನಲ್ಲಿ ಆರ್‌ಟಿಒದವರು ಹಿಡಿದು, ಇಲ್ಲಿ ಕಟ್ಟದ ತೆರಿಗೆ ಅಂತ ದಂಡವೂ ಸೇರಿ 1,41,59,041 ರೂಪಾಯಿ ಕಟ್ಟಿಸಿಕೊಂಡರು. ಪೇಪರಿನಲ್ಲೆಲ್ಲ ಕಾರಿನ ಫೋಟೊ. ನನ್ನ ಮದುವೆ ಆಲ್ಬಮ್ಮಿನಲ್ಲೂ ನಾನು ಅಷ್ಟು ಚೆನ್ನಾಗಿ ಬಂದಿಲ್ಲ.

ಒಂದು ಕೋಟಿ ನಲವತ್ತೊಂದು ಲಕ್ಷ ಅಂದರೆ ಎಷ್ಟು ಅಂತ ಊಹಿಸೋ ಶಕ್ತಿ ನನಗಿಲ್ಲ. ನನ್ನ ಕಣ್ಣು ಬಿದ್ದಿದ್ದು ಕೊನೆಯ 41 ರೂಪಾಯಿ ಮೇಲೆ. ಎಂಥ ಶಿಸ್ತು ನೋಡಿ. ನಲವತ್ತೂ ಅಲ್ಲ, ಐವತ್ತೂ ಅಲ್ಲ, ನಲವತ್ತೊಂದು. ಬಿಎಂಟಿಸಿ ಕಂಡಕ್ಟರ್ ನನಗೆ ಕೊಡಬೇಕಾದ ನಾಲ್ಕು ರೂಪಾಯಿಯನ್ನು ಟಿಕೆಟ್ ಹಿಂದೆ ಗೀಚಿ ‘ಇಳಿಯೋವಾಗ ಇಸ್ಕೊಳ್ಳಿ’ ಅನ್ನುತ್ತಿದ್ದರು. ಇಳಿಯೋವಾಗ ಅವರು ಮುಂದಿನ ಬಾಗಿಲಲ್ಲಿ, ನಾನು ಹಿಂದಿನ ಬಾಗಿಲಲ್ಲಿ. ಆ ಫೆರಾರಿಯವರು ಒಂದು ಕೋಟಿ ನಲವತ್ತೊಂದು ಲಕ್ಷದ ಐವತ್ತೊಂಬತ್ತು ಸಾವಿರ ಎಣಿಸಿಕೊಟ್ಟು, ಆಮೇಲೆ ಜೇಬು ತಡಕಿದರಾ? ‘ಒಂದು ರೂಪಾಯಿ ಚಿಲ್ಲರೆ ಇದ್ಯಾ ಸಾರ್’ ಅಂತ ಯಾರಾದರೂ ಕೇಳಿದರಾ? ಯಾವ ಪೇಪರಿನವರೂ ಬರೆಯಲಿಲ್ಲ.

ಆ ತೆರಿಗೆಯ ಹೆಸರು ಜೀವಾವಧಿ ತೆರಿಗೆ. ನಮ್ಮಲ್ಲಿ ಜೀವಾವಧಿ ಇರೋದು ಎರಡಕ್ಕೇ. ಒಂದು ಕೊಲೆ ಮಾಡಿದವರಿಗೆ, ಇನ್ನೊಂದು ಕಾರು ಕೊಂಡವರಿಗೆ. 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಶೇಕಡಾ 18, ಅದರ ಮೇಲೆ ಸೆಸ್. ಮಹಾರಾಷ್ಟ್ರದಲ್ಲಿ ಎಷ್ಟು ಕೋಟಿಯ ಕಾರಾದರೂ ಆಗ 20 ಲಕ್ಷಕ್ಕೇ ತೆರಿಗೆ ನಿಲ್ಲುತ್ತಿತ್ತು. ಪುದುಚೇರಿಯಲ್ಲಿ ಇನ್ನೂ ಅಗ್ಗ. ಹಾಗಾಗಿ ಬೆಂಗಳೂರಿನ ಶ್ರೀಮಂತರಿಗೆಲ್ಲ ಪುದುಚೇರಿ ಅಂದರೆ ಏನೋ ಸೆಳೆತ. ಅರವಿಂದಾಶ್ರಮಕ್ಕೆ ಅಂತ ತಪ್ಪು ತಿಳಿಯಬೇಡಿ. 2025ರ ಫೆಬ್ರವರಿಯಲ್ಲೂ ಒಂದು ಭಾನುವಾರ ಹೀಗೆ ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರು ಹಿಡಿದಿದ್ದರು.

ಕಾರೇನೂ ಸಾಮಾನ್ಯದ್ದಲ್ಲ. ಎಸ್‌ಎಫ್90. ಎರಡು ಟರ್ಬೋ ಇರೋ ಎಂಟು ಸಿಲಿಂಡರ್ ಎಂಜಿನ್, ಜೊತೆಗೆ ಮೂರು ಎಲೆಕ್ಟ್ರಿಕ್ ಮೋಟಾರ್. ಒಟ್ಟು ಸಾವಿರ ಕುದುರೆಯ ಶಕ್ತಿ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 2.5 ಸೆಕೆಂಡ್. ಟಾಪ್ ಸ್ಪೀಡ್ 340. ಇನ್ನು ಊರಿನ ಲೆಕ್ಕ ತಗೊಳ್ಳಿ. ಟಾಮ್‌ಟಾಮ್ ಕಂಪನಿಯ 2024ರ ವರದಿ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 34 ನಿಮಿಷ 10 ಸೆಕೆಂಡ್. ಫೆರಾರಿಯವರು ತಮ್ಮ ಎರಡೂವರೆ ಸೆಕೆಂಡನ್ನು ಬಹುಶಃ ಆ ಕೊನೆಯ 10 ಸೆಕೆಂಡಿನಲ್ಲಿ ಮುಗಿಸಿಕೊಳ್ಳಬೇಕು. ಬರೀ ಬ್ಯಾಟರಿಯಲ್ಲೇ 25 ಕಿ.ಮೀ. ಓಡುತ್ತಂತೆ ಈ ಕಾರು. ಅಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಾವಿರ ಕುದುರೆಯಲ್ಲಿ ಮುಕ್ಕಾಲುಪಾಲು ಲಾಯದಲ್ಲೇ ನಿದ್ದೆ ಮಾಡುತ್ತಿರುತ್ತವೆ. ರಿವರ್ಸ್ ಹೋಗೋದೂ ಕರೆಂಟಿನಲ್ಲೇ, ಎಂಜಿನ್ ಬೇಕಿಲ್ಲ. ಏಳೂವರೆ ಕೋಟಿಯ ಎಲೆಕ್ಟ್ರಿಕ್ ಸ್ಕೂಟರ್! ಅದೂ ಸ್ಟಾಂಡ್ ಇಲ್ಲದ್ದು.

ಟರ್ಬೋ ಅಂದರೆ ಏನು ಅಂತ ನಮ್ಮಮ್ಮ ಕೇಳಿದಾಗ ನಾನು ಕೋಡೊಲೆ ಅಂದಿದ್ದೆ. ದೊಡ್ಡ ಒಲೆಯ ಉಳಿದ ಬೆಂಕಿ ಪಕ್ಕದ ಕೋಡೊಲೆಗೆ ಹೋಗಿ ಸಾರು ಬಿಸಿಯಾಗುತ್ತಲ್ಲ, ಹಾಗೆ. ಎಂಜಿನ್ನಿನ ಹೊಗೆ ಸುಮ್ನೆ ಆಚೆ ಹೋಗದೆ ಒಂದು ಚಕ್ರ ತಿರುಗಿಸುತ್ತೆ, ಆ ಚಕ್ರ ಎಂಜಿನ್ನಿಗೆ ಜಾಸ್ತಿ ಗಾಳಿ ಊದುತ್ತೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬುವರು 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದರು. ‘ಇದನ್ನ ಕಂಡುಹಿಡಿಯೋಕೆ ಅಷ್ಟು ದೂರ ಹೋಗಬೇಕಿತ್ತಾ’ ಅಂದಳು ಅಮ್ಮ.

ವ್ಯತ್ಯಾಸ ಇಷ್ಟೇ. ಕೋಡೊಲೆ ಕೆಟ್ಟರೆ ಒಂದು ಬೊಗಸೆ ಮಣ್ಣು ಮೆತ್ತಿದರೆ ಆಯಿತು. ಟರ್ಬೋ ಕೆಟ್ಟರೆ ಏನಾಗುತ್ತೆ ಅಂತ ತಿಳಿಯೋಕೆ ನನ್ನ ತಂಗಿ ಮಗನನ್ನು ಕೇಳಬೇಕು.

ಇವನು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು 17 ಲಕ್ಷಕ್ಕೆ ತಂದ. ಕಂಪನಿ ಹೆಸರು ಬೇಡ. ‘ಮಾವ, ಹೊಸದಾದರೆ ಅರವತ್ತು ಲಕ್ಷ, ನಲವತ್ಮೂರು ಲಕ್ಷ ಉಳಿಸಿದೆ’ ಅಂದ. ಅವನ ಅಮ್ಮ ಒಳಗೆ ಕೂತು ನೋಡಿ, ‘ಇಷ್ಟು ದುಡ್ಡು ಕೊಟ್ಟು ನೆಲದ ಮೇಲೆ ಕೂರಬೇಕೇನೋ’ ಅಂದಳು. ಏಳೋಕೆ ಇಬ್ಬರು ಕೈ ಕೊಡಬೇಕಾಯಿತು.

ಎಂಟನೇ ತಿಂಗಳಿಗೆ ಹಿಂದಿನಿಂದ ನೀಲಿ ಹೊಗೆ. ಗ್ಯಾರೇಜಿಗೆ ನಾನೂ ಹೋಗಿದ್ದೆ. ಮೆಕ್ಯಾನಿಕ್ ಟರ್ಬೋ ಬಿಚ್ಚಿ ಬೆಂಚಿನ ಮೇಲಿಟ್ಟಿದ್ದರು. ದೊಡ್ಡ ಬಸವನಹುಳುವಿನ ಹಾಗಿತ್ತು. ಒಳಗಿನ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಹಾಲುಹಲ್ಲಿನ ಥರ ಆಡಿತು.

‘ಪ್ಲೇ ಬಂದಿದೆ ಸಾರ್.’

‘ಅಂದರೆ?’

‘ಅಂದ್ರೆ ಹೋಯ್ತು. ಇದು ನಿಮಿಷಕ್ಕೆ ಲಕ್ಷ ಲಕ್ಷ ಸುತ್ತು ತಿರುಗುತ್ತೆ. ತೆಳ್ಳಗಿನ ಆಯಿಲ್ ಮೇಲೆ ತೇಲ್ಕೊಂಡು. ಆಯಿಲ್ ಸುಟ್ಟು ಮಸಿ ಆದ್ರೆ ಮುಗೀತು.’

‘15,000 ಕಿ.ಮೀ.ಗೆ ಒಂದ್ಸಲ ಆಯಿಲ್ ಚೇಂಜ್ ಅಂತ ಬುಕ್ಕಲ್ಲೇ ಇದೆ’ ಅಂದ ಇವನು.

‘ಬುಕ್ ಬರೆದೋರು ಸಿಲ್ಕ್ ಬೋರ್ಡ್ ನೋಡಿಲ್ಲ ಸಾರ್. ಗಾಡಿ ನಿಂತೇ ಇರುತ್ತೆ, ಎಂಜಿನ್ ಓಡ್ತಾನೇ ಇರುತ್ತೆ. ಕಿಲೋಮೀಟರ್ ಲೆಕ್ಕ ಇಲ್ಲಿ ನಡೆಯಲ್ಲ, ಗಂಟೆ ಲೆಕ್ಕ ಇಡಬೇಕು.’

ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ ಆಯಿತು. ಅವನು ಉಳಿಸಿದ ನಲವತ್ಮೂರು ಲಕ್ಷದಲ್ಲಿ ಕಟ್ಟಬಹುದಿತ್ತು, ಆದರೆ ಅದು ಎಲ್ಲಿದೆ ಅಂತ ಅವನಿಗೂ ಗೊತ್ತಿಲ್ಲ. ಇನ್ಶೂರೆನ್ಸ್ ಆಕ್ಸಿಡೆಂಟಿಗೆ ಬರುತ್ತಂತೆ, ಸವಕಲಿಗೆ ಬರಲ್ಲವಂತೆ. ಸಾಲದ್ದಕ್ಕೆ ಹಂಪ್ ದಾಟಿಸುವಾಗಲೆಲ್ಲ ಕಾರಿನ ಹೊಟ್ಟೆ ಕೆರೆದು ಬರೋ ಸದ್ದು. ಆ ಸದ್ದಿಗೆ ಅವನು ಹಲ್ಲು ಕಚ್ಚೋದನ್ನು ನೋಡಿದರೆ ಪಾಪ ಅನಿಸುತ್ತೆ.

ಈ ಹುಡುಗ ಮುಗ್ಗರಿಸಿದ್ದು ತನ್ನ ದುಡ್ಡಿನಲ್ಲಿ, ನಗೋಣ ಬಿಡಿ. ಆದರೆ 2025ರ ಜನವರಿಯಲ್ಲಿ ಬಸ್ ಟಿಕೆಟ್ ಶೇಕಡಾ 15 ಏರಿತು, ಫೆಬ್ರವರಿಯಲ್ಲಿ ಮೆಟ್ರೊ ದರ ಏರಿತು. ಅದಕ್ಕೆ ಯಾರೂ ನಮಗೆ ನೋಟಿಸ್ ಕೊಡಲಿಲ್ಲ, ಮೆಟ್ರೊದವರಂತೂ ಮಾರನೇ ಬೆಳಿಗ್ಗೆಯಿಂದಲೇ ಕಿತ್ತುಕೊಂಡರು. ನನ್ನ ಸ್ಕೂಟರಿನ ಜೀವಾವಧಿ ತೆರಿಗೆ ಕಟ್ಟಿದ ಮೇಲೇ ಶೋರೂಮಿನವರು ಕೀ ಕೊಟ್ಟಿದ್ದು. ಕೂಗಿದರೆ ಇಡೀ ಬೀದಿ ತಿರುಗಿ ನೋಡೋ ಕೆಂಪು ಕಾರು ವರ್ಷಕ್ಕೂ ಮೀರಿ ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ ಹೇಗೆ ನಂಬೋದು? ಬಿದ್ದಿತ್ತು. ಎಲ್ಲರೂ ನಿಂತು ಸೆಲ್ಫಿ ತಗೊಂಡಿದ್ದರು. ಕೊನೆಗೆ ಬಂದ ದುಡ್ಡೇನಾದರೂ ರಸ್ತೆಗೆ ಹೋಯಿತಾ? ಆ ವರ್ಷದ ಸೆಪ್ಟೆಂಬರಿನಲ್ಲಿ ರಸ್ತೆ ಗುಂಡಿ ಬಗ್ಗೆ ಕೇಳಿದರೆ, ದೆಹಲಿಯಲ್ಲಿ ಪ್ರಧಾನಿ ಮನೆ ರಸ್ತೆಯಲ್ಲೂ ಗುಂಡಿ ಇದೆ ಅಂದರು ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್. ಇರಲಿ ಸ್ವಾಮಿ. ನಾನು ದಿನಾ ಆಫೀಸಿಗೆ ಹೋಗೋದು ಆ ರಸ್ತೆಯಲ್ಲಿ ಅಲ್ಲ. ಸಾಕಾಗಿದೆ.

ನಮ್ಮ ಹುಡುಗ ಈಗ ಭಾನುವಾರ ಮಾತ್ರ ಕಾರು ತೆಗೆಯುತ್ತಾನೆ. ಬೆಳಿಗ್ಗೆ ಆರಕ್ಕೆ ನೈಸ್ ರಸ್ತೆ, ಏಳೂವರೆಗೆ ವಾಪಸ್. ಬಂದವನು ತಕ್ಷಣ ಆಫ್ ಮಾಡಲ್ಲ. ಮೆಕ್ಯಾನಿಕ್ ಹೇಳಿದ್ದಾರೆ, ಎರಡು ನಿಮಿಷ ಹಾಗೇ ಓಡಲಿ, ಟರ್ಬೋ ತಣ್ಣಗಾಗಲಿ ಅಂತ. ಇವನು ಸ್ಟೀರಿಂಗ್ ಹಿಡಿದು ದೇವರ ಮುಂದೆ ಕೂತ ಹಾಗೆ ಕೂತಿರುತ್ತಾನೆ. ಹೋದ ವಾರ ನಾನಿದ್ದಾಗಲೇ ನನ್ನ ತಂಗಿ ಸಟ್ಟುಗ ಹಿಡಿದುಕೊಂಡು ಗೇಟಿಗೇ ಬಂದಳು.

‘ಇಳಿಯೋ, ದೋಸೆ ಆರಿಹೋಗ್ತಿದೆ.’

‘ಇರಮ್ಮ, ಟರ್ಬೋ ಇನ್ನೂ ಆರಿಲ್ಲ.’