ಬಟನ್ ಒತ್ತಿದರೆ ಮುಗಿಯಲ್ಲ
ಸಿ.ಟಿ. ಸ್ಕ್ಯಾನ್ ಮಾಡುವ ರೇಡಿಯೋಗ್ರಾಫರ್‌ಗಳಿಗೆ ಡಿಗ್ರಿ ಆದ ಮೇಲೂ ಪ್ರತ್ಯೇಕ ತರಬೇತಿ ಬೇಕು ಎಂದು ಬರೆದಿದ್ದೀರಿ. ಖಂಡಿತ ಬೇಕು. ನಾನು ಕೊಡಗಿನಲ್ಲಿ ಇದೇ ಕೆಲಸ ಮಾಡುತ್ತೇನೆ. ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಬಿದ್ದು ತಲೆಗೆ ಪೆಟ್ಟಾದವರು ಬರುತ್ತಾರೆ. ನೋವಿಗೆ ಹೊರಳಾಡುತ್ತಿರುತ್ತಾರೆ. ತಲೆ ಚೂರು ಅಲ್ಲಾಡಿದರೂ ಚಿತ್ರ ಕೆಡುತ್ತದೆ, ಮತ್ತೆ ತೆಗೆದರೆ ವಿಕಿರಣ ಜಾಸ್ತಿ. ರಕ್ತನಾಳ ನೋಡಬೇಕಾದರೆ ಕಾಂಟ್ರಾಸ್ಟ್ (ನಾಳ ಎದ್ದು ಕಾಣಲೆಂದು ಚುಚ್ಚುವ ದ್ರವ) ಅಲ್ಲಿಗೆ ತಲುಪಿದ ಸರಿಯಾದ ಸೆಕೆಂಡಿಗೇ ಸ್ಕ್ಯಾನ್ ಶುರುವಾಗಬೇಕು. ಮಕ್ಕಳಿಗೆ ವಿಕಿರಣದ ಡೋಸ್ ಇಳಿಸಬೇಕು. ಎದೆಯ ಒಂದು ಸಿ.ಟಿ.ಗೆ ಎಕ್ಸ್‌ರೇಗಿಂತ ಹತ್ತಾರು ಪಟ್ಟು ವಿಕಿರಣ, ಅಲ್ವಾ? ಇದನ್ನೆಲ್ಲ ನಾನು ಸೀನಿಯರ್ ಪಕ್ಕ ನಿಂತು ನೋಡಿಯೇ ಕಲಿತೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಕೆಲಸ ಬಿಟ್ಟು ಅಷ್ಟು ದೂರ ಹೋಗಿ ಓದುವುದು ನಮ್ಮಂಥವರಿಗೆ ಕಷ್ಟ. ಥಿಯರಿ ಆನ್‌ಲೈನ್‌ನಲ್ಲಿರಲಿ, ಪ್ರಾಕ್ಟಿಕಲ್ ಇಲ್ಲೇ ಮಡಿಕೇರಿಯಲ್ಲಿ ಕೊಡಲಿ. ಮೊದಲ ದಿನವೇ ನಾನು ಹೆಸರು ಬರೆಸುತ್ತೇನೆ.