ಬೇಜಾರಿಗೂ ಎರಡು ರೇಟು

ಇನ್ನೊಬ್ಬರಿಗೆ ಬೇಜಾರು ಮಾಡಿದರೆ ಶಿಕ್ಷೆ ಎಷ್ಟು? ಮಾಡಿದ್ದು ಯಾರು ಅಂತ ಮೊದಲು ಹೇಳಿ, ಆಮೇಲೆ ಲೆಕ್ಕ ಹಾಕೋಣ.

ಐಟಿ ಕಾಯ್ದೆಯಲ್ಲಿ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ, 66ಎ ಅಂತ ಒಂದು ಸೆಕ್ಷನ್ ಇತ್ತು, ನೆನಪಿದೆಯಾ? ಕಿರಿಕಿರಿಯಾಗಲಿ, ಅನಾನುಕೂಲವಾಗಲಿ ಅಂತ ಯಾರಿಗಾದರೂ ಒಂದು ಮೇಲ್ ಕಳಿಸಿದರೂ ಸಾಕು, ಮೂರು ವರ್ಷದವರೆಗೆ ಜೈಲು. ಕಿರಿಕಿರಿ ಅಂದರೆ ಎಷ್ಟು, ಅಳೆಯೋದು ಯಾವ ಸೇರಿನಲ್ಲಿ, ಬರೆದೇ ಇರಲಿಲ್ಲ. ನನಗೆ ನಗು ತರಿಸಿದ್ದು ಪಕ್ಕದ ಮನೆಯವರಿಗೆ ಉರಿ ಹತ್ತಿಸಬಹುದು, ಅಲ್ವಾ? 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸೆಕ್ಷನ್ ಸತ್ತರೂ ಪೊಲೀಸರು ಬಿಡಲಿಲ್ಲ. ಅದರಡಿ ಇನ್ನೂ ಕೇಸು ಹಾಕುತ್ತಲೇ ಇದ್ದಾರೆ ಅಂತ 2021ರಲ್ಲಿ ತಿಳಿದು ಕೋರ್ಟೇ ದಂಗಾಯಿತು.

ಇದೇ ಅನಾನುಕೂಲವನ್ನು ಬೆಂಗಳೂರಿನ ರಸ್ತೆ ಮೇಲೆ ಮಾಡಿ ನೋಡಿ. ಜೈಲಿಲ್ಲ, ದಂಡವಿಲ್ಲ, ಒಂದು ತಗಡಿನ ಬೋರ್ಡು ಸಾಕು: ‘ಕಾಮಗಾರಿ ಪ್ರಗತಿಯಲ್ಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ’. ವಿಷಾದಿಸುತ್ತಿರೋದು ಯಾರು ಸ್ವಾಮಿ? ಹೆಸರು ಇರಬೇಕಾದ ಜಾಗದಲ್ಲಿ ಪೀಜಿಯ ಪೋಸ್ಟರ್ ಅಂಟಿಕೊಂಡಿರುತ್ತದೆ, ಊಟ ವೈಫೈ ಎಲ್ಲಾ ಸೇರಿ ಬಾಡಿಗೆ ಎಷ್ಟು ಅಂತ ಗೊತ್ತಾಗುತ್ತದೆಯೇ ಹೊರತು ಗುಂಡಿ ಯಾವಾಗ ಮುಚ್ಚುತ್ತಾರೆ ಅಂತ ಗೊತ್ತಾಗಲ್ಲ. ಕೋರಮಂಗಲದ ಈಜಿಪುರ ಫ್ಲೈಓವರನ್ನೇ ತಗೊಳ್ಳಿ. ಬರೀ ಎರಡೂವರೆ ಕಿಲೋಮೀಟರ್. 2017ರಲ್ಲಿ ಶುರು, 2019ಕ್ಕೆ ಮುಗಿಯಬೇಕಿತ್ತು, 2022ರಲ್ಲಿ ಗುತ್ತಿಗೆಯೇ ರದ್ದಾಯಿತು. ಶುರುವಾದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಹೈಸ್ಕೂಲಿಗೆ ಹೋದರೂ ಫ್ಲೈಓವರ್ ಮಾತ್ರ ಪಾಸಾಗಲಿಲ್ಲ. ಇಷ್ಟು ವರ್ಷದ್ದಕ್ಕೂ ಹೆಸರು ಬರೀ ‘ಅಡಚಣೆ’!

ಅದೇ ಗುಂಡಿಯ ಫೋಟೋ ಹಾಕಿ, ಶಾಸಕರು ಇದರಲ್ಲಿ ಮೀನು ಸಾಕಬಹುದು ಅಂತ ಬರೆಯಿರಿ. ಆಗ ಅದು ಅಡಚಣೆಯಲ್ಲ, ‘ಭಾವನೆಗೆ ಧಕ್ಕೆ’. ಅಭಿಮಾನಿಗಳು ಠಾಣೆ ಮೆಟ್ಟಿಲು ಹತ್ತುತ್ತಾರೆ. ದಿನಾ ಗುಂಡಿಗೆ ಬೀಳೋ ನಮಗೆ ಸೊಂಟ ಬಿಟ್ಟರೆ ಧಕ್ಕೆಯಾಗುವಂಥದ್ದು ಇನ್ನೇನಿದೆ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಒಳ್ಳೆಯದೇ ಬಿಡಿ, ವಿಷಾದಿಸೋಕೆ ಜನ ಜಾಸ್ತಿಯಾದರು.

ನಾವೂ ಒಂದು ವರ್ಷ ಆಸ್ತಿ ತೆರಿಗೆ ಕಟ್ಟದೆ, ‘ಹಣ ಹೊಂದಿಸುವ ಕಾಮಗಾರಿ ಪ್ರಗತಿಯಲ್ಲಿದೆ’ ಅಂತ ಗೇಟಿಗೆ ಬರೆದು ಹಾಕಿದರೆ ಹೇಗೆ? ಹಾಕಬಹುದು. ಬಡ್ಡಿ ಸೇರಿಸಿ ನೋಟಿಸ್ ಬರುತ್ತದೆ, ಅದರಲ್ಲಿ ವಿಷಾದದ ಸಾಲೇ ಇರಲ್ಲ.